ದುರ್ಬೀನು ಸರಿ ಇತ್ತು

ಅವರ ಬಲಗಣ್ಣಿನ ಹುಬ್ಬಿನ ಮೇಲೆ ಒಡೆದ ಬಳೆಯ ಚೂರಿನಂತೆ ಬಾಗಿದ ಒಂದು ಗಾಯದ ಕಲೆಯಿತ್ತು. ಕಲೆ ಹಾದುಹೋದಲ್ಲಿ ಹುಬ್ಬಿನ ಕೂದಲು ಮತ್ತೆ ಹುಟ್ಟಿರಲಿಲ್ಲ. ಸೈನ್ಯಕ್ಕೆ ಸೇರಿದ ಹೊಸತರಲ್ಲಿ, ದುರ್ಬೀನು ಕೂಡ್ರಿಸಿದ ರೈಫಲ್ಲಿಗೆ ಕಣ್ಣನ್ನು ತೀರ ಹತ್ತಿರ ಒಯ್ದು ಗುಂಡು ಹಾರಿಸಿದ್ದರಂತೆ. ರೈಫಲ್ಲು ಹಿಂದಕ್ಕೆ ಒದ್ದ ರಭಸಕ್ಕೆ ದುರ್ಬೀನಿನ ಅಂಚು ಹಣೆಯನ್ನು ಸೀಳಿತ್ತು. ಓಣಿಯ ಮಕ್ಕಳು ಕೇಳಿದರೆ, "ವೈರಿ ಹೊಡದಿದ್ದಲ್ಲ, ನನ್ನ ಅವಸರ ಹೊಡದಿದ್ದು" ಎನ್ನುತ್ತಿದ್ದರು.

ಊರಿಗೆಲ್ಲ ಅವರು ಸುಬೇದಾರ್ರು. ನಮಗೆ ಸುಬೇದಾರ ಅಜ್ಜ. ನಮ್ಮದು ಶಿಗ್ಗಾಂವಿ ತಾಲೂಕಿನ, ಹಿರೇಬೆಂಡಿಗೇರಿಗೆ ಹತ್ತಿರದ ಒಂದು ಸಣ್ಣ ಊರು. ಸೈನ್ಯದಲ್ಲಿ ಹೊಸಬರಿಗೆ ಗುರಿ ಹೊಡೆಯುವುದನ್ನು ಕಲಿಸುವುದೇ ಅವರ ಕೆಲಸವಾಗಿತ್ತಂತೆ. ನಿವೃತ್ತರಾಗಿ ಬಂದು, ಇದ್ದ ತುಸು ಹೊಲ ನೋಡಿಕೊಂಡು ಹೆಂಡತಿಯೊಡನೆ ಇದ್ದರು. ನಡೆಯುತ್ತ ನಡೆಯುತ್ತ ಥಟ್ಟನೆ ನಿಂತು, ಬಲಗೈ ನೀಳವಾಗಿ ಚಾಚಿ, ಬೆರಳು ಎತ್ತಿ, ಎಡಗಣ್ಣು ಮುಚ್ಚಿ ದೂರದ ಮರವನ್ನೋ ಗುಡಿಯ ಶಿಖರವನ್ನೋ ಅಳೆಯುವುದು ಅವರ ಚಟ. "ಸುಬೇದಾರ್ರು ಆಕಾಶಕ್ಕ ಅಂಗಿ ಹೊಲಿಯಾಕ ಅಳತಿ ತಗೊಳ್ಳಾಕತ್ತಾರ" ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು. ಅವರಿಗೂ ಅದು ಕೇಳುತ್ತಿತ್ತು. ಅಳತೆ ಮುಗಿಸದೆ ಮಾತ್ರ ಕೈ ಇಳಿಸುತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ಸಣ್ಣಂದಿನಿಂದ ನೆನಪಿದೆ. ನಮ್ಮ ಮನೆಯವರು ಬೌದ್ಧರಾದವರು, ಊರ ತುದಿಯ ಓಣಿಯವರು. ಮೇಲಿನ ಓಣಿಯ ಹುಡುಗರು ಕೂಡ ನನ್ನ ಅಪ್ಪನನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದರು. ಸುಬೇದಾರ ಅಜ್ಜ ಮಾತ್ರ ಅಪ್ಪನಿಗೆ "ಬರ್ರಿ, ಕುಂದರ್ರಿ" ಎನ್ನುತ್ತಿದ್ದರು. ಅಪ್ಪ ಕೂರುತ್ತಿರಲಿಲ್ಲ. ಆದರೂ ಅವರು ಪ್ರತಿಸಲವೂ ಹೇಳುತ್ತಿದ್ದರು.

ಅಜ್ಜನ ಅಕ್ಕನ ಮಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊಲ ಉಳ್ಳವನು. ಅವನನ್ನು ಎಲ್ಲರೂ ಸಾವ್ಕಾರ ಎಂದೇ ಕರೆಯುವುದು. ಆ ವರ್ಷ ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಗಳ ಕಾಟ ಬಹಳವಾಯಿತು. ಬೆಳೆ ಕಾಯಲು ಲೈಸೆನ್ಸ್ ಪಡೆದ ರೈಫಲ್ಲು ಸಾವ್ಕಾರನ ಮನೆಯಲ್ಲಿತ್ತು. ಅದಕ್ಕೊಂದು ದುರ್ಬೀನು ತರಿಸಿ, ಕೂಡ್ರಿಸಿ ಕೊಡಿ ಎಂದು ಮಾವನ ಕೈಗೆ ಕೊಟ್ಟ. ಅಜ್ಜ ಅದನ್ನು ಕೂಡ್ರಿಸಿ, ಹೊಲದಂಚಿನ ಮಣ್ಣಿನ ದಿಬ್ಬಕ್ಕೆ ರಟ್ಟು ಚುಚ್ಚಿ, ಗುಂಡು ಹೊಡೆದು, ತಿರುಪು ತಿರುವಿ, ಮತ್ತೆ ಹೊಡೆದು, ದುರ್ಬೀನಿನೊಳಗಿನ ಎರಡು ಗೆರೆ ಎಲ್ಲಿ ಕೂಡುತ್ತವೋ ಗುಂಡು ಅಲ್ಲೇ ಬೀಳುವ ಹಾಗೆ ಮಾಡಿಕೊಟ್ಟರು. ಕೊಡುವ ಮುಂಚೆ ಅಜ್ಜಿಯ ಹತ್ತಿರ ನೇಲ್ ಪಾಲಿಶ್ ತರಿಸಿಕೊಂಡು, ಎರಡೂ ತಿರುಪುಗಳ ಮೇಲೆ, ತಿರುಪಿಗೂ ಅದರ ಬುಡಕ್ಕೂ ಸೇರಿದಂತೆ, ಒಂದೊಂದು ಕೆಂಪು ಗೆರೆ ಎಳೆದರು. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗಬೇಕು, ಅದು ಅವರ ಸೈನ್ಯದ ರೂಢಿ.

ನನ್ನ ಅವ್ವ ಸತ್ತದ್ದು ಆ ರೈಫಲ್ಲಿನಿಂದ.

ನಮ್ಮದೊಂದು ಎಮ್ಮೆಯಿತ್ತು. ಹೊತ್ತು ಇಳಿದ ಮೇಲೆ ಸಾವ್ಕಾರನ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು ತರುವುದು ಅವ್ವನ ನಿತ್ಯದ ಕೆಲಸ. ಬದುವಿನ ಹುಲ್ಲಿಗೆ ಯಾರದೂ ತಕರಾರು ಇರಲಿಲ್ಲ. ನಾನಾಗ ಡಿಪ್ಲೊಮಾ ಸಿವಿಲ್ ಓದುತ್ತ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಂದು ಬಸ್ಸಿಳಿದು ಬರುವಾಗ ಸೂರ್ಯ ಮುಳುಗಿದ್ದ. ಒಂದು ಸದ್ದು ಕೇಳಿತು. ಹಂದಿ ಓಡಿಸಲು ಯಾರೋ ಪಟಾಕಿ ಹಚ್ಚಿದರೆಂದುಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಜನ ಹೊಲದ ಕಡೆ ಓಡುತ್ತಿದ್ದರು. ಅವ್ವ ಹುಲ್ಲಿನ ಹೊರೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಕುಡಗೋಲು ಕೈಯಲ್ಲೇ ಇತ್ತು. ಅಪ್ಪ ಅದನ್ನು ಬಿಡಿಸಲು ನೋಡುತ್ತಿದ್ದ. ಬೆರಳುಗಳು ಬಿಡುತ್ತಿರಲಿಲ್ಲ.

ಸಾವ್ಕಾರ ಪೊಲೀಸರಿಗೆ ಹೇಳಿದ್ದು ಇಷ್ಟು. ಪಂಪಿನ ಮನೆಯ ಮಾಳಿಗೆಯ ಮೇಲೆ ಕಾಯುತ್ತ ಕುಳಿತಿದ್ದೆ, ಬೇವಿನ ಗಿಡದ ಬುಡಕ್ಕೆ ಹಂದಿ ಬಂತು, ಹಂದಿಗೇ ಹೊಡೆದೆ, ದುರ್ಬೀನು ಸರಿ ಹೊಂದಿರಲಿಲ್ಲ, ಗುಂಡು ಬಲಕ್ಕೆ ಹೋಗಿ ಬದುವಿನಲ್ಲಿದ್ದವಳಿಗೆ ತಗುಲಿತು.

ಅವ್ವನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಸುಬೇದಾರ ಅಜ್ಜ ನಮ್ಮ ಓಣಿಗೆ ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಅಪ್ಪ ಎದ್ದು ನಿಲ್ಲಲಿಲ್ಲ. ಅಜ್ಜ ಹೊಸ್ತಿಲ ಹೊರಗೇ ನಿಂತರು.

"ಆ ದುರ್ಬೀನು ಕೂಡ್ರಿಸಿ ಕೊಟ್ಟಾಂವ ನಾನರಿ" ಎಂದರು. "ಮಂದಿ ಬಾಯಾಗಿಂದ ನಿಮಗ ತಿಳಿಯೂದು ಬ್ಯಾಡ ಅಂತ ಬಂದೇನಿ."

ಅಪ್ಪ, "ಸರಿ ಕೂಡ್ರಿಸಿರಲಿಲ್ಲೇನ್ರಿ?" ಎಂದು ಕೇಳಿದ.

"ಸರಿ ಕೂಡ್ರಿಸಿದ್ದೆ."

ಅಷ್ಟೇ ಹೇಳಿ ಹೋದರು. ನನಗೆ ಅವರ ಮೇಲೆ ಬಂದ ಸಿಟ್ಟು ಸಾವ್ಕಾರನ ಮೇಲೂ ಬಂದಿರಲಿಲ್ಲ. ನಮ್ಮ ಅವ್ವ ಹೋದ ಮೇಲೂ ಈ ಮುದುಕನಿಗೆ ತನ್ನ ಕೈಗೆಲಸದ್ದೇ ದೊಡ್ಡದಾಯಿತೇ ಎನಿಸಿತು. ಮನೆಯ ಒಲೆ, ಎಮ್ಮೆ, ತಮ್ಮ, ಎಲ್ಲ ಮಗಳೆಂದು ನನ್ನ ಪಾಲಿಗೆ ಬಂತು. ಕಾಲೇಜು ಬಿಟ್ಟೆ. ರೊಟ್ಟಿ ಬಡಿಯುವಾಗಲೂ ಹಾಲು ಹಿಂಡುವಾಗಲೂ ಒಂದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಅದನ್ನು ಅಪ್ಪನ ಮುಂದೆ ಬಾಯಿ ಬಿಟ್ಟು ಕೇಳುವ ಹಾಗಿರಲಿಲ್ಲ. ಉತ್ತರ ಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು. ಒಂದು ದಿನ ಅವರ ಮನೆಗೇ ಹೋದೆ.

"ಅಜ್ಜಾ, ನಮ್ಮವ್ವ ಆ ದುರ್ಬೀನಿನಾಗ ಕಾಣಾಕತ್ತಿದ್ಲೇನ್ರಿ?"

ಅವರು ಮುಖ ಉಜ್ಜಿಕೊಂಡರು. ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ಇಲ್ಲಿ ಕುಂತು ಹೇಳೂ ಮಾತಲ್ಲ, ಬಾ ಯವ್ವಾ" ಎಂದು ಅಜ್ಜ ಚಪ್ಪಲಿ ಮೆಟ್ಟಿದರು. ಅಜ್ಜಿಯೂ ಸೆರಗು ಹೊದ್ದು ನಮ್ಮ ಜೊತೆ ಬಂದಳು.

ಗೋವಿನಜೋಳ ಕಟಾವಾಗಿ ಹೊಲ ಬೋಳಾಗಿತ್ತು. ಪಂಪಿನ ಮನೆಯ ಪಕ್ಕ ನಿಂತರೆ ಎದುರಿಗೆ ಬೇವಿನ ಗಿಡ, ಅದರ ಬಲಕ್ಕೆ ಬದು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಗಿಡದವರೆಗೆ ಹೆಚ್ಚು ಕಡಿಮೆ ನೂರು ಮೀಟರು ಎಂದರು ಅಜ್ಜ. ಕೆಳಗೆ ಬಿದ್ದಿದ್ದ ಗೋವಿನಜೋಳದ ಒಂದು ಕಾಳನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ನಿಮ್ಮ ಕಾಲೇಜಿನಾಗ ಕೋನ ಅಳಿಯೂ ಯಂತ್ರ ಐತಲ್ಲ, ಅದರಾಗ ಡಿಗ್ರಿ, ನಿಮಿಷ ಅಂತ ಇರತಾವ. ಒಂದು ಡಿಗ್ರಿ ಅರವತ್ತು ಪಾಲು ಮಾಡಿದ್ರ ಒಂದು ನಿಮಿಷ. ದುರ್ಬೀನಿನಾಗೂ ಅದ ಲೆಕ್ಕ. ಮ್ಯಾಲಿನ ತಿರುಪು ಏರ್ಸಾಕ ಇಳಿಸಾಕ, ಬಲಗಡೀದು ಎಡಕ್ಕ ಬಲಕ್ಕ. ತಿರುವಿದ್ರ ಟಿಕ್ ಟಿಕ್ ಅಂತದ. ಒಂದು ಟಿಕ್ಕಿಗೆ ನಿಮಿಷದಾಗಿನ ಕಾಲು ಭಾಗ ಸರೀತದ. ಇಲ್ಲಿಂದ ಆ ಗಿಡಕ್ಕ ಅದು ಎಷ್ಟಾತು ಗೊತ್ತೇನ? ನಿನ್ನ ಕೈಯಾಗಿನ ಕಾಳಿನಗಲ."

ನಾನು ಕಾಳನ್ನು ನೋಡಿದೆ.

"ಇದರ ಎರಡರಷ್ಟು ದೂರ ಹೋದ್ರ ಅದ ಒಂದು ಟಿಕ್ಕು ಎರಡು ಕಾಳಿನಗಲ ಆಗ್ತದ. ಕೋನ ಬೆಳಿಯೂದಿಲ್ಲ, ದೂರ ಅದನ್ನ ಬೆಳಸ್ತದ. ಈಗ ಕೈ ಚಾಚು. ಪೂರ್ತಿ ಚಾಚು. ಒಂದು ಕಣ್ಣು ಮುಚ್ಚು. ಬೇವಿನ ಗಿಡಕ್ಕೂ, ನಿಮ್ಮವ್ವ ಇದ್ದ ಜಾಗಕ್ಕೂ ನಡುವ ಎಷ್ಟು ಬೆರಳು ಹಿಡೀತಾವ ನೋಡು."

ಮೂರು ಬೆರಳು ಹಿಡಿದವು. ಮತ್ತೆ ಅಳೆದೆ. ಮೂರೇ.

"ಒಂದು ಬೆರಳಿನ ಅಗಲ ಅಂದ್ರ ಒಂದು ಡಿಗ್ರಿಗಿಂತ ಹೆಚ್ಚು. ಆ ದುರ್ಬೀನಿನ ತಿರುಪನ್ನ ಕೊನೀತನಕ, ಇನ್ನ ತಿರುಗೂದಿಲ್ಲ ಅನ್ನೂತನಕ ತಿರುವಿದ್ರೂ ಅರ್ಧ ಡಿಗ್ರಿ ಸರೀಬೌದು. ಅರ್ಧ ಬೆರಳೂ ಆಗೂದಿಲ್ಲ. ದುರ್ಬೀನು ಎಷ್ಟು ಕೆಟ್ಟಿದ್ರೂ, ಗಿಡದ ಬುಡಕ್ಕ ಗುರಿ ಹಿಡಿದ ಗುಂಡು ಬದುವಿಗೆ ಬರೂದಿಲ್ಲ ಯವ್ವಾ."

ಹಾಗಾದರೆ ಗೆರೆ ಕೂಡಿದ್ದು ಅವ್ವನ ಮೇಲೆಯೇ. ಅಜ್ಜಿ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

"ನನ್ನ ಮಾತು ಪೂರ್ತಿ ಕೇಳು" ಎಂದರು ಅಜ್ಜ. "ಹೆಣ್ಮಗಳು ಅಂತ ಗೊತ್ತಿದ್ದು ಹೊಡದಾನ ಅಂತ ನಾ ಹೇಳೂದಿಲ್ಲ. ಮಸಕ ಬೆಳಕಿನಾಗ ದುರ್ಬೀನು ಆಕಾರ ತೋರಸ್ತದ, ಮುಖ ತೋರ್ಸೂದಿಲ್ಲ. ಬಗ್ಗಿ ಹುಲ್ಲು ಕೊಯ್ಯೂ ಆಕಾರ ಅಂವಗ ಹಂದಿ ಕಂಡಿರಬೇಕು. ಆದರ ಏನಂತ ಖಾತ್ರಿ ಆಗೂ ಮುಂಚೆ ಹೊಡದಾನ. ಹೊಡದ ಮ್ಯಾಲ ಸುಳ್ಳು ಹೇಳ್ಯಾನ. ಇಷ್ಟ ನನಗ ಗೊತ್ತಿರೂದು. ಇದಕ್ಕಿಂತ ಹೆಚ್ಚು ಹೇಳಿದ್ರ ನಾನೂ ಸುಳ್ಳು ಹೇಳಿದಂಗ."

ಆಮೇಲೆ ಹೊಲದ ಕಡೆ ಮುಖ ತಿರುಗಿಸಿ, ತಮಗೇ ಎಂಬಂತೆ ಹೇಳಿಕೊಂಡರು: "ರೈಫಲ್ಲು ಸರಿ ಮಾಡಿದೆ. ಹಿಡಿಯಾಂವನ್ನ ಸರಿ ಮಾಡಲಿಲ್ಲ. ಅಂವನ ಅವಸರ ನನಗ ಗೊತ್ತಿತ್ತು."

ಅವ್ವ ಹೇಗೆ ಸತ್ತಳೆಂದು ಆ ದಿನ ತಿಳಿಯಿತು. ತಿಳಿದದ್ದರಿಂದ ಸಂಕಟ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಆದರೆ ತಲೆಯಲ್ಲಿ ತಿರುಗುತ್ತಿದ್ದ ಆ ಪ್ರಶ್ನೆ ನಿಂತಿತು, ಹಗಲು ಕೆಲಸ ಮಾಡುವಷ್ಟು ನಿದ್ದೆ ಬರತೊಡಗಿತು.

ಪೊಲೀಸರು ರೈಫಲ್ಲನ್ನು ಪರೀಕ್ಷೆಗೆ ಕಳಿಸಿದ್ದರು. ಗುಂಡು ಅದರದ್ದೇ ಎಂದು ವರದಿ ಬಂತು. ದುರ್ಬೀನಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಕೂಡ್ರಿಸಿಕೊಟ್ಟವರೆಂದು ಅಜ್ಜನ ಹೆಸರು ಸಾಕ್ಷಿಯಾಗಿ ಸೇರಿತು. ಸಾವ್ಕಾರನ ಮಾತು ನಿಲ್ಲುವುದೂ ಬೀಳುವುದೂ ಈಗ ಅವರ ಬಾಯಿಯ ಮೇಲಿತ್ತು.

ಕೋರ್ಟಿನ ದಿನ ಹತ್ತಿರವಾದಾಗ ಸಾವ್ಕಾರ ತನ್ನ ತಾಯಿಯನ್ನು ಕರೆದುಕೊಂಡು ಅಜ್ಜನ ಮನೆಗೆ ಬಂದ. ನಾನು ಹಿತ್ತಲಲ್ಲಿ ಅಜ್ಜಿಗೆ ಹಪ್ಪಳ ಹರವಿ ಕೊಡುತ್ತಿದ್ದೆ. ಅಲ್ಲಿರುವೆನೆಂದು ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ನನ್ನ ಮುಂಗೈ ಹಿಡಿದು ಅಲ್ಲೇ ಕೂರಿಸಿದಳು.

"ಮಾವಾ, ನಿಮ್ಮ ಕಣ್ಣಿಗೆ ಪೊರೆ ಬಂದದ್ದು ಊರಿಗೆಲ್ಲ ಗೊತ್ತೈತಿ" ಎನ್ನುತ್ತಿದ್ದ ಸಾವ್ಕಾರ. "ಅವತ್ತ ಸರಿ ಕಾಣಲಿಲ್ಲ, ತಿರುಪು ತಪ್ಪಿರಬೇಕು ಅಂತ ಒಂದು ಮಾತು ಹೇಳ್ರಿ. ವಯಸ್ಸಾದ ಸೋಲ್ಜರು, ನಿಮಗ್ಯಾರು ಏನ ಮಾಡ್ತಾರ? ನನ್ನ ಮಕ್ಕಳ ಮುಖ ನೋಡ್ರಿ."

ಆಮೇಲೆ ಅಜ್ಜನ ಅಕ್ಕ ಮಾತಾಡಿದಳು. ತಾಯಿಯಿಲ್ಲದ ಅಜ್ಜನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು.

"ನನ್ನ ಮಡಿಲಾಗ ಬೆಳದಿ. ನಾ ಯಾವತ್ತರ ನಿನ್ನ ಮುಂದ ಸೆರಗೊಡ್ಡೇನೇನ? ಇವತ್ತ ಒಡ್ಡಾಕತ್ತೇನಿ. ಹೋದಾಕಿ ಹೋದ್ಲು. ಇದ್ದಾಂವನ್ನ ಉಳಿಸಿ ಕೊಡು."

"ಅಕ್ಕಾ, ತಪ್ಪಿದೆ ಅಂತ ಹೇಳಾಕ ನನಗ ನಾಚಿಕಿ ಇಲ್ಲ" ಎಂದರು ಅಜ್ಜ. "ಆದರ ನಾ ತಪ್ಪಲಿಲ್ಲ. ನಾ ತಪ್ಪಿದ್ರ ಆಕಿ ಬದುಕಿರ್ತಿದ್ಲು."

ಯಾವುದೋ ತಂಬಿಗೆ ನೆಲಕ್ಕೆ ಬಿದ್ದ ಸದ್ದಾಯಿತು. "ಹಂಗಾರ ನಿನಗ ಅಕ್ಕ ಇಲ್ಲ ಅಂತ ತಿಳಕೋ" ಎಂದು ಹೇಳಿ ಆಕೆ ಹೊರಟುಹೋದಳು. ಅಜ್ಜಿ ಹಪ್ಪಳದ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಶಿಗ್ಗಾಂವಿಯ ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳಿದ ದಿನ ನಾನೂ ಅಪ್ಪನೂ ಹಿಂದಿನ ಬೆಂಚಿನಲ್ಲಿದ್ದೆವು. ರೈಫಲ್ಲನ್ನು ಮೇಜಿನ ಮೇಲಿಟ್ಟಿದ್ದರು. ಅಪ್ಪ ಅದನ್ನು ನೋಡಿದವನು ಮತ್ತೆ ತಲೆ ಎತ್ತಲಿಲ್ಲ. ಸರ್ಕಾರಿ ವಕೀಲರು ಕೇಳಿದಾಗ ಅಜ್ಜ ಬಗ್ಗಿ ತಿರುಪುಗಳನ್ನು ನೋಡಿ, ತಾನು ಎಳೆದ ಕೆಂಪು ಗೆರೆ ಎಲ್ಲೂ ಮುರಿದಿಲ್ಲವೆಂದು ತೋರಿಸಿದರು. ಆಮೇಲೆ ನ್ಯಾಯಾಧೀಶರ ಅಪ್ಪಣೆ ಪಡೆದು ಕೈ ಚಾಚಿ, ಹೊಲದಲ್ಲಿ ನನಗೆ ಹೇಳಿದ್ದನ್ನೇ ಅಲ್ಲಿಯೂ ಹೇಳಿದರು.

ಸಾವ್ಕಾರನ ವಕೀಲರು ಅವರ ಕಣ್ಣಿನ ಪೊರೆಯ ವಿಷಯ ತೆಗೆದರು. ಎರಡು ಕುಟುಂಬಗಳ ನಡುವೆ ಹೊಲದ ಜಗಳವಿದೆಯೇ ಎಂದು ಕೇಳಿದರು. ಅಜ್ಜ ಇಲ್ಲವೆಂದರು. ಕೊನೆಗೆ ವಕೀಲರು, "ನೀವು ಈ ರೈಫಲ್ ಸಜ್ಜು ಮಾಡದಿದ್ದರೆ ಆ ಹೆಂಗಸು ಸಾಯುತ್ತಿರಲಿಲ್ಲ, ಅಲ್ಲವೇ?" ಎಂದು ಕೇಳಿದರು. ಅದು ಅವರ ಬಾಯಿ ಕಟ್ಟಿಸಲು ಕೇಳಿದ ಪ್ರಶ್ನೆ.

"ಖರೆರಿ" ಎಂದರು ಅಜ್ಜ. "ಸಾಯ್ತಿರಲಿಲ್ಲ. ದುರ್ಬೀನು ಸರಿ ಇತ್ತು."

ಸಾವ್ಕಾರನ ಅಲಕ್ಷ್ಯದಿಂದಲೇ ಸಾವು ಸಂಭವಿಸಿತೆಂದು ತೀರ್ಪಾಯಿತು. ಶಿಕ್ಷೆ ಸಣ್ಣದು. ಮೇಲಿನ ಕೋರ್ಟಿಗೆ ಹೋಗುತ್ತೇನೆಂದು ಸಾವ್ಕಾರ ಅದೇ ದಿನ ಜಾಮೀನು ಪಡೆದ. ನಾವು ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಅವನ ಕಾರು ನಮ್ಮನ್ನು ದಾಟಿ ಊರಿಗೆ ಹೋಯಿತು. ಆ ಅಪೀಲು ಇನ್ನೂ ನಡೆದಿದೆ. ಬಸ್ಸಿನಲ್ಲಿ ಅಪ್ಪ ಅಂದದ್ದು ಒಂದೇ ಮಾತು: "ಗುರಿ ಹಂದಿ ಮ್ಯಾಲ ಇರಲಿಲ್ಲ ಅಂತ ಕೋರ್ಟಿನಾಗ ಒಬ್ಬರು ಹೇಳಿದ್ರಲ್ಲ."

ತೀರ್ಪಿನ ನಂತರ ಅಜ್ಜ ಇನ್ನೊಮ್ಮೆ ನಮ್ಮ ಮನೆಗೆ ಬಂದರು. ಆ ಸಲ ಅಪ್ಪ ಚಾಪೆ ಹಾಸಿದ. ಚಹಾ ಕುಡಿದು, ಲೋಟ ಕೆಳಗಿಟ್ಟು, "ಈ ಹುಡುಗೀನ ತಿರುಗಿ ಕಾಲೇಜಿಗೆ ಕಳಸ್ರಿ" ಎಂದರು. ಅಪ್ಪ ಒಲೆ, ಎಮ್ಮೆ ಎಂದು ಏನೋ ಹೇಳಹೊರಟ. "ಒಲಿ ನಾವಿಬ್ಬರೂ ಗಂಡಸರು ಹಚ್ಚಿದ್ರ ಹತ್ತೂದಿಲ್ಲೇನ್ರಿ?" ಎಂದರು. ಅಪ್ಪ ಅವ್ವ ಹೋದ ಮೇಲೆ ಮೊದಲ ಸಲ ನಕ್ಕ. ಮುಂದಿನ ಪಾಠಗಳು ಶುರುವಾಗುವ ಹೊತ್ತಿಗೆ ನಾನು ಮತ್ತೆ ಬಸ್ಸು ಹತ್ತಿದೆ. ಅಪ್ಪ ರೊಟ್ಟಿ ಬಡಿಯಲು ಕಲಿತ.

ಈಗ ನಾನು ಸರ್ವೆ ಕೆಲಸ ಮಾಡುತ್ತೇನೆ. ಕಾಲುವೆ, ರಸ್ತೆಗಳ ಅಳತೆಗೆ ಹಾನಗಲ್ಲು, ಹಿರೇಕೆರೂರು ತಾಲೂಕುಗಳ ಹೊಲಗಳಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿ ಅದರ ದುರ್ಬೀನಿಗೆ ಕಣ್ಣು ಹಚ್ಚುತ್ತೇನೆ. ಮೊದಮೊದಲು ಎರಡು ಗೆರೆ ಕೂಡುವಲ್ಲಿ ಮನುಷ್ಯರು ಬಂದು ನಿಂತರೆ ಥಟ್ಟನೆ ಕಣ್ಣು ಹಿಂದಕ್ಕೆ ತೆಗೆಯುತ್ತಿದ್ದೆ. ಕೋಲು ಹಿಡಿದ ಸಹಾಯಕನಿಗೆ ಆಚೆ ಸರಿ, ಆಚೆ ಸರಿ ಎಂದು ಕೂಗುತ್ತಿದ್ದೆ. ಇದನ್ನು ಅಜ್ಜನಿಗೆ ಹೇಳಿದಾಗ, "ಆ ಅಂಜಿಕಿ ಹೋಗದಂಗ ನೋಡ್ಕೋ" ಎಂದಿದ್ದರು.

ಅಷ್ಟರಲ್ಲಿ ಅವರು ಬಹಳ ಸೊರಗಿದ್ದರು. ನೆಂಟರು ಲಗ್ನಕ್ಕೂ ತೊಟ್ಟಿಲಿಗೂ ಕರೆಯುವುದನ್ನು ಬಿಟ್ಟಿದ್ದರು. ಅಕ್ಕ ತೀರಿಕೊಂಡ ಸುದ್ದಿ ಅವರಿಗೆ ಗುಡಿಯ ಧ್ವನಿವರ್ಧಕದಿಂದ ತಿಳಿಯಿತು. ಓಡಿ ಹೋದರು. ಸಾವ್ಕಾರನ ಮನೆಯವರು ಬಾಗಿಲನ್ನು ಒಳಗಿನಿಂದ ಹಾಕಿಕೊಂಡರು. ಅಕ್ಕನನ್ನು ಹೊರಗೆ ತರುವವರೆಗೆ ಅಜ್ಜ ಬಿಸಿಲಲ್ಲಿ ನಿಂತಿದ್ದರಂತೆ. ತಂದಾಗಲೂ ಯಾರೋ ಅಡ್ಡ ನಿಂತು ಮುಖ ಕಾಣಗೊಡಲಿಲ್ಲವಂತೆ. ಅಂದಿನಿಂದ ಅವರು ಕೈ ಚಾಚಿ ಏನನ್ನೂ ಅಳೆದದ್ದನ್ನು ನಾನು ಕಾಣೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಅಜ್ಜಾ, ನಮ್ಮ ಸಲುವಾಗಿ ನಿಮಗ ಹಿಂಗಾತಲ್ಲ?"

"ನಿಮ್ಮ ಸಲುವಾಗಿ ಅಲ್ಲ ಯವ್ವಾ" ಎಂದರು.

ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು. ರಜೆಗೆ ಬಂದಾಗಲೆಲ್ಲ ಹೋಗಿ ಕೂರುತ್ತಿದ್ದೆ. ಅಜ್ಜಿ ಗಂಜಿ ಕುಡಿಸುವಾಗ ನಾನು ತಲೆ ಎತ್ತಿ ಹಿಡಿಯುತ್ತಿದ್ದೆ. ಬಹಳ ಕಾಲ ಹಾಗೆ ಬದುಕಲಿಲ್ಲ.

ಅವರು ತೀರಿದ ಸುದ್ದಿ ಬಂದಾಗ ನಾನು ಹಿರೇಕೆರೂರಿನ ಕಡೆ ಕೆಲಸದಲ್ಲಿದ್ದೆ. ಬಸ್ಸು ಬದಲಿಸಿ ಊರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಅಜ್ಜನ ಮನೆಯ ಮುಂದೆ ಜನವೇ ಇರಲಿಲ್ಲ. ಸಾವ್ಕಾರನಿಗೆ ಹೆದರಿ ಅಜ್ಜನ ಓಣಿಯ ಮಂದಿ ತಮ್ಮ ಬಾಗಿಲುಗಳಲ್ಲೇ ನಿಂತು ನೋಡುತ್ತಿದ್ದರು. ಶಿಗ್ಗಾಂವಿ, ಸವಣೂರು ಕಡೆಯಿಂದ ಬಂದಿದ್ದ ಮೂವರು ಮಾಜಿ ಸೈನಿಕರು ಮಾತ್ರ ಅಜ್ಜನ ದೇಹವನ್ನು ಕೂಡ್ರಿಸಿ ಹೊರುವ ಬಿದಿರಿನ ವಿಮಾನದ ಹತ್ತಿರ ನಿಂತಿದ್ದರು. ಹೊರಲು ನಾಲ್ಕನೆಯ ಹೆಗಲಿರಲಿಲ್ಲ.

ಆಗ ಊರ ಹಿರಿಯನೊಬ್ಬ ನಮ್ಮ ಓಣಿಗೆ ಆಳು ಕಳಿಸಿದ್ದ, ಹೆಣ ಹೂಳುವ ಕುಣಿ ತೆಗೆಯಲು ಬನ್ನಿ ಎಂದು. ಹಿಂದೆ ಅದು ನಮ್ಮವರ ಚಾಕರಿಯಾಗಿತ್ತು. ಬೌದ್ಧರಾದ ಮೇಲೆ ನಮ್ಮವರು ಬಿಟ್ಟಿದ್ದರು. ಅಪ್ಪ ತೊಳೆದ ಅಂಗಿ ತೊಟ್ಟು ಅಜ್ಜನ ಮನೆಯ ಮುಂದೆ ಬಂದು ನಿಂತ. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದ:

"ಕುಣಿ ತಗಿಯಾಕ ನಾ ಬರೂದಿಲ್ರಿ. ಹೆಗಲು ಕೊಡಾಕ ಬಂದೇನಿ."

ಬಾಗಿಲುಗಳಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಒಳಗಿನಿಂದ ಬಂದು, ಅಪ್ಪನನ್ನು ನೋಡಿ, ಕೈಸನ್ನೆಯಿಂದ ವಿಮಾನದ ಮುಂಭಾಗವನ್ನು ತೋರಿಸಿದಳು. ಅಲ್ಲಿ ನಿಂತಿದ್ದ ಸೈನಿಕ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ. ಅಪ್ಪ ಬಗ್ಗಿ ಬಿದಿರಿಗೆ ಹೆಗಲು ಕೊಟ್ಟು ಎದ್ದ. ನಾಲ್ವರೂ ಸಾವ್ಕಾರನ ಮನೆಯ ಮುಂದಿನ ದಾರಿಯಿಂದಲೇ ನಡೆದರು.